ಐವತ್ತೊಂದು

ಮೊದಲ ಸಲ ಇಪ್ಪತ್ಮೂರು.
ಎರಡನೇ ಸಲ ಮೂವತ್ತೆಂಟು.
ಐವತ್ತೊಂದು ಬಂದರೆ ದಾಟಿದಂತೆ ಇಲ್ಲಿ, ತ್ಬಿಲಿಸಿಯಲ್ಲಿ;
ಐವತ್ತಕ್ಕೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಹಾಸ್ಟೆಲಿನ ಐದನೇ ಮಹಡಿ. ಲಿಫ್ಟು ಕೆಟ್ಟಿದೆ,
ಕಟ್ಟಡದ ತುಂಬ ಎಂಜಿನಿಯರಿಂಗಿನವರೇ ಇದ್ದೂ.
ಕೋಣೆಯ ಗೆಳತಿ ಮರಿತಾ ಸೂರ್ಯಕಾಂತಿ ಬೀಜ ಸುಲಿದಂತೆ
ಸಮೀಕರಣ ಬಿಡಿಸುತ್ತಾಳೆ,
ಸಿಪ್ಪೆ ಒಂದು ಕಡೆ, ಉತ್ತರ ಒಂದು ಕಡೆ.
ನನಗೋ ಕಬ್ಬಿಣದ ಕಡಲೆ.
ಹಾಗೆಂದು ಕಬ್ಬಿಣದ ಮೇಲೆ ನನಗೆ ಕೋಪವಿಲ್ಲ.

ಓತಾರ್ ಮಾಸ್ತರು ಬೋರ್ಡಿನ ಮೇಲೆ ಎರಡು ಕಂಬ ಬರೆದು
ನಡುವೆ ಒಂದು ಜೋಲುಗೆರೆ ಎಳೆದರು.
ಕೈಯೆತ್ತಿದೆ, ಆ ವರ್ಷದಲ್ಲಿ ಮೊದಲ ಬಾರಿ:
"ಇದು ಗೊತ್ತು ಸರ್, ಚಿಯಾತುರಾದ್ದು, ನಮ್ಮೂರಿನ ತಂತಿತೊಟ್ಟಿಲು.
ನಡುವೆ ಹೊಟ್ಟೆ ಜಗ್ಗುತ್ತದೆ,
ಚಳಿಗಾಲದಲ್ಲಿ ಸ್ವಲ್ಪ ಕಮ್ಮಿ."
ತರಗತಿ ನಕ್ಕಿತು. ಅವರು ನಗಲಿಲ್ಲ.
"ಗುರುತು ಹಿಡಿದೆ. ಒಳ್ಳೆಯದು.
ಎಷ್ಟು ಕಮ್ಮಿ?"
ಸೀಮೆಸುಣ್ಣ ನನ್ನ ಕಡೆ ಚಾಚಿದರು.

ಬೋರ್ಡು ತುಂಬ ಬರೆದೆ. ಎಲ್ಲೋ ಒಂದು ಋಣ ಮರೆತೆ.
ಕೊನೆಗೆ ನನ್ನ ಹಗ್ಗ ತೊಟ್ಟಿಲನ್ನು
ಎಳೆಯುವ ಬದಲು ತಳ್ಳುತ್ತಿತ್ತು.
"ಹಗ್ಗ ಎಲ್ಲಾದರೂ ತಳ್ಳೀತೇ, ಟೆಕ್ಲೆ?"
ತಳ್ಳಲಾರದು. ಅದು ನಮ್ಮ ಅತ್ತೆಗೂ ಗೊತ್ತು,
ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ.

ಝುಝುನಾ ಅತ್ತೆ ಇಪ್ಪತ್ತಾರು ವರ್ಷ ಆ ತೊಟ್ಟಿಲಿನ ಕಂಡಕ್ಟರು.
ತೊಳೆದ ಮುಖಗಳನ್ನು ಮ್ಯಾಂಗನೀಸ್ ಗಣಿಗೆ ಹತ್ತಿಸುವುದು,
ಕರಿಮುಖಗಳನ್ನು ಇಳಿಸಿಕೊಳ್ಳುವುದು.
ನನಗೆ ಒಂಬತ್ತಾಗಿದ್ದಾಗ ಒಮ್ಮೆ, ಕ್ವಿರಿಲಾ ಹೊಳೆಯ ಮೇಲೆ,
ಕರೆಂಟು ಹೋಗಿ ನಿಂತೆವು. ನಲವತ್ತು ನಿಮಿಷ.
ಒಬ್ಬಳು ಎದೆಗೆ ಶಿಲುಬೆ ಗೀರಿಕೊಂಡಳು,
ಒಬ್ಬ ಸರ್ಕಾರವನ್ನು ಬಯ್ದ.
ಅತ್ತೆ ಚೀಲದಿಂದ ಜೋಳದ ರೊಟ್ಟಿ ತೆಗೆದು
ಮುರಿದು ಹಂಚಿದಳು.
ಗಾಳಿಗೆ ನಾವು ಅತ್ತ, ಇತ್ತ.
ಕೇಳಿದೆ: ಈ ಹಗ್ಗ ಎಷ್ಟು ತಡೆಯುತ್ತೆ?
ಅತ್ತೆ ಮೇಲೆ ನೋಡಿದಳು.
"ಅದು ತಿಳಿದವನೊಬ್ಬ ಕುತೈಸಿಯಲ್ಲಿ ಇದ್ದಾನಂತೆ."

ಆ ಒಬ್ಬ ನಾನಾಗಬೇಕು ಅಂದುಕೊಂಡದ್ದು ಅಲ್ಲೇ, ಗಾಳಿಯಲ್ಲಿ.
ಅವನಿಗೆ ಲೆಕ್ಕ ಬರಬೇಕು ಅನ್ನುವುದು
ಆಗ ಲೆಕ್ಕಕ್ಕೇ ಬರಲಿಲ್ಲ.

ಬಿಟ್ಟುಬಿಡು ಅನ್ನುತ್ತಾರೆ, ಬೇರೆ ಏನಾದರೂ ಓದು,
ಹೋಟೆಲು, ಟೂರಿಸಮ್ಮು, ಕೇಕು ಬೇಯಿಸುವುದು.
ಅನ್ನುವವರು ಕೆಟ್ಟವರಲ್ಲ; ಅವರಲ್ಲಿ ಒಬ್ಬರು ನನ್ನಪ್ಪ.

ಮೂರನೇ ಸಲ ಓದುವಾಗ, ಮಾರ್ಚಿನಲ್ಲಿ,
ನೂರ ಹನ್ನೆರಡನೇ ಪುಟದ ಕೆಳಗೆ ಒಂದು ಸಾಲು ಸಿಕ್ಕಿತು:
ಬಂದ ಉತ್ತರವನ್ನು ಐದರಿಂದ ಗುಣಿಸಿ.
ಯಾಕೆ ಐದು? ಬರೆದಿರಲಿಲ್ಲ.
ಗಾಳಿ, ತುಕ್ಕು, ಕುಡಿದು ಬಂದ ವೆಲ್ಡರು,
ಹನ್ನೆರಡು ಜನರ ತೊಟ್ಟಿಲಿಗೆ ಹತ್ತುವ ಹದಿನಾರು ಜನ,
ಜೊತೆಗೆ ಲೆಕ್ಕ ಮಾಡಿದವನ ತಲೆ,
ಅದೆಲ್ಲಕ್ಕೂ ಸೇರಿ ಐದು.
ಬುದ್ಧಿವಂತರೆಲ್ಲ ಕೂಡಿ ತಮ್ಮ ಭಯಕ್ಕೆ ಕೊಟ್ಟ ಅಂಕಿ.
ಇಷ್ಟು ದಪ್ಪ ಪುಸ್ತಕದಲ್ಲಿ, ಯಾರೂ ಹೇಳಿಕೊಡದೆ,
ನನಗೆ ಅರ್ಥವಾದದ್ದು ಅದೊಂದೇ.
ಮರಿತಾಳನ್ನು ಎಬ್ಬಿಸಿ ಹೇಳಿದೆ.
"ಅದು ಸುಲಭದ ಪುಟ" ಎಂದು ಮಗ್ಗುಲಾದಳು.

ಜೂನ್. ಐವತ್ತೊಂದು.
ಓತಾರ್ ಮಾಸ್ತರು ಪುಕ್ಕಟೆ ಅಂಕ ಕೊಡುವವರಲ್ಲ. ಆದರೂ
ಎರಡೆರಡು ಸಲ ಕೂಡಿ ನೋಡಿದೆ.

ಊರಲ್ಲಿ ಮೇಜು ಹಾಕಿ, ನೆರೆಯವರನ್ನು ಕರೆದು,
ನನ್ನ ಹೆಸರಲ್ಲಿ ಅಪ್ಪ ವೈನಿನ ಲೋಟ ಎತ್ತಿದರು.
ಅತ್ತೆ ಒಬ್ಬಳೇ ಕೇಳಿದ್ದು: "ಎಷ್ಟಕ್ಕೆ?"
ನೂರಕ್ಕೆ.
ಸ್ವಲ್ಪ ಹೊತ್ತು ಬೆರಳು ಮಡಿಸಿದಳು.
"ಸರಿ. ನನ್ನ ತೊಟ್ಟಿಲು ಯಾವುದರಲ್ಲಿದೆ,
ಈ ಐವತ್ತೊಂದರಲ್ಲೋ, ಆ ನಲವತ್ತೊಂಬತ್ತರಲ್ಲೋ?"
ಎಲ್ಲರೂ ನಕ್ಕರು. ನಾನೂ.

ರಾತ್ರಿ, ಲೋಟಗಳನ್ನು ತೊಳೆದಿಟ್ಟ ಮೇಲೆ,
ಇನ್ನು ಬೇಕಿಲ್ಲದ ನೋಟುಬುಕ್ಕನ್ನು ಚೀಲದಿಂದ ತೆಗೆದೆ.
ಕಿಟಕಿಯಾಚೆ ಹಗ್ಗ ಇತ್ತು, ಕತ್ತಲಲ್ಲಿ ಕಾಣದೆ.
ಋಣ ಬಿಟ್ಟದ್ದು ಎಲ್ಲಿ ಎಂದು
ಮೊದಲ ಸಾಲಿನಿಂದ ಹುಡುಕತೊಡಗಿದೆ.